ಮನ್ಯಾಗ, ಬಸ್ಸಿನ್ಯಾಗ, ಜಾತ್ರ್ಯಾಗ

ನರಗುಂದದಿಂದ ರೋಣಕ್ಕೆ ಹೊರಟ ಕೆಂಪು ಬಸ್ಸಿನಲ್ಲಿ ಯಾವಗಲ್‌ನ ಹೈಸ್ಕೂಲು ಹುಡುಗಿಯೊಬ್ಬಳು ಕಿಟಕಿ ಪಕ್ಕ ಕುಳಿತು ಫೋನಿನಲ್ಲಿ ಗೆಳತಿಗೆ ಸುದ್ದಿ ಹೇಳುತ್ತಿದ್ದಾಳೆ ಎಂದು ಇಟ್ಟುಕೊಳ್ಳೋಣ. ‘ನಾ ಬಸ್ಸಿನ್ಯಾಗ ಅದೀನಿ. ಅವ್ವ ಮನ್ಯಾಗ ಅದಾಳ. ಅಪ್ಪ ಜಾತ್ರ್ಯಾಗ ಅದಾನ. ಎಮ್ಮಿ ಹೊಲದಾಗ ಐತಿ.’ ನಾಲ್ಕೂ ವಾಕ್ಯಗಳಲ್ಲಿ ಅವಳು ಒಂದೇ ಪ್ರತ್ಯಯ ಬಳಸಿದಳು, ನಾಲ್ಕೂ ಸರಿಯಾದ ಕನ್ನಡ.

ಮರುದಿನ ಇದೇ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದರೆ ಅವಳ ಕೈ ತಾನಾಗಿ ನಾಲ್ಕು ಸಲ ‘ಇನ್’ ಎಂದು ಬರೆಯುತ್ತದೆ. ಶಿಕ್ಷಕರ ಕೆಂಪು ಶಾಯಿ ಮೂರು ಕಡೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅವ್ವ ಇರುವುದು ‘ಅಟ್ ಹೋಮ್’, ಅಪ್ಪ ‘ಅಟ್ ದ ಫೇರ್’, ಹುಡುಗಿ ‘ಆನ್ ದ ಬಸ್’. ‘ಇನ್’ ಉಳಿದುಕೊಂಡದ್ದು ಎಮ್ಮೆಗೆ ಮಾತ್ರ: ‘ಇನ್ ದ ಫೀಲ್ಡ್’. ಅದೇ ಎಮ್ಮೆ ‘ಫಾರ್ಮ್’ನಲ್ಲಿದೆ ಎಂದು ಬರೆದಿದ್ದರೆ ಅಲ್ಲೂ ‘ಆನ್’ ಬರುತ್ತಿತ್ತು.

ಈ ಕೆಂಪು ಗುರುತುಗಳನ್ನು ಕಂಡ ಮಗು ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಸರಿಯಲ್ಲ. ಅವಳು ತಪ್ಪಿದ್ದು ಜಾಗ ತಿಳಿಯದೆ ಅಲ್ಲ. ಅವಳ ಭಾಷೆ ಜಾಗವನ್ನು ಒಂದು ರೀತಿ ಕಂಡರೆ ಇಂಗ್ಲಿಷ್ ಇನ್ನೊಂದು ರೀತಿ ಕಾಣುತ್ತದೆ. ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಯಾರೂ ಅವಳಿಗೆ ಕೂರಿಸಿ ಹೇಳಿರುವುದಿಲ್ಲ.

ಮೊದಲು ಅವಳ ‘ಆಗ’ ಎಂಬ ಪ್ರತ್ಯಯವನ್ನೇ ನೋಡಬೇಕು, ಏಕೆಂದರೆ ಅದು ಸಣ್ಣ ಮಾತಲ್ಲ. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಪ್ತಮಿ ವಿಭಕ್ತಿಗೆ ಹೇಳುವ ಪ್ರತ್ಯಯ ‘ಒಳ್’. ಮನೆಯೊಳ್, ಊರೊಳ್. ‘ಒಳ್’ ಎಂದರೆ ಒಳಗು. ಮುಂದೆ ಶಿಷ್ಟ ಬರಹದಲ್ಲಿ ಆ ಜಾಗವನ್ನು ‘ಅಲ್ಲಿ’ ಹಿಡಿಯಿತು. ಮನೆಯಲ್ಲಿ ಎನ್ನುವಾಗ ನಾವು ಹೇಳುತ್ತಿರುವುದು ಮನೆ ಎಂಬ ಜಾಗ, ಅಲ್ಲಿ ಎಂದಷ್ಟೇ. ಧಾರವಾಡ, ಗದಗ, ಬಾಗಲಕೋಟೆ ಕಡೆಯ ಮಾತು ಮಾತ್ರ ಹಳೆಯ ದಾರಿ ಬಿಡಲಿಲ್ಲ. ಮನೆಯೊಳಗ ಎನ್ನುವುದು ಬಾಯಲ್ಲಿ ಸವೆದು ಮನಿಯಾಗ ಆಯಿತು, ಮನ್ಯಾಗ ಆಯಿತು. ಪಠ್ಯಪುಸ್ತಕದ ‘ಮನೆಯಲ್ಲಿ’ಗಿಂತ ಯಾವಗಲ್‌ನ ‘ಮನ್ಯಾಗ’ ಕೇಶಿರಾಜನಿಗೆ ಹತ್ತಿರ. ಹೀಗೆ ಸವೆಯುವುದು ಇಂಗ್ಲಿಷಿಗೂ ಹೊಸದಲ್ಲ. ‘ಅಸ್ಲೀಪ್’, ‘ಅಲೈವ್’, ‘ಅಶೋರ್’ ಎಂಬ ಪದಗಳ ಮೊದಲಲ್ಲಿರುವ ‘ಅ’ ಹಳೆಯ ‘ಆನ್’ ಸವೆದು ಉಳಿದ ತುಂಡು.

ತೊಡಕು ಶುರುವಾಗುವುದೂ ಇಲ್ಲೇ. ಹುಡುಗಿಯ ‘ಆಗ’ ಹುಟ್ಟಿನಿಂದ ‘ಒಳಗೆ’. ಆದ್ದರಿಂದ ಇಂಗ್ಲಿಷಿನಲ್ಲಿ ಅದರ ಜೋಡಿ ಹುಡುಕಿದರೆ ಮೊದಲು ಸಿಗುವುದು ‘ಇನ್’. ಆದರೆ ಎಂಟು ನೂರು ವರ್ಷಗಳ ಬಳಕೆಯಲ್ಲಿ ನಮ್ಮ ‘ಆಗ’, ‘ಅಲ್ಲಿ’ ಎರಡೂ ಒಳಗು, ಮೇಲು, ಬಳಿ ಎಲ್ಲವನ್ನೂ ಹೊದ್ದುಕೊಳ್ಳುವಷ್ಟು ಅಗಲವಾಗಿವೆ. ‘ಇನ್’ ಅಷ್ಟು ಅಗಲವಾಗಿಲ್ಲ.

ಜಾಗ ಹೇಳುವ ಮುನ್ನ ಇಂಗ್ಲಿಷ್ ಒಂದು ಪ್ರಶ್ನೆ ಕೇಳುತ್ತದೆ. ಈ ಜಾಗವನ್ನು ಈಗ ಏನೆಂದು ಕಾಣುತ್ತೀ? ಸುತ್ತಲೂ ಅಂಚಿರುವ ಪಾತ್ರೆಯೆಂದೋ, ಏನಾದರೂ ತಗಲಿ ನಿಲ್ಲಬಹುದಾದ ಮೈ ಅಥವಾ ಗೆರೆಯೆಂದೋ, ಬರೀ ಒಂದು ಚುಕ್ಕೆಯೆಂದೋ? ಪಾತ್ರೆಯಾದರೆ ‘ಇನ್’, ಮೈಯೋ ಗೆರೆಯೋ ಆದರೆ ‘ಆನ್’, ಚುಕ್ಕೆಯಾದರೆ ‘ಅಟ್’. ಒಂದೇ ಊರು ಒಂದು ವಾಕ್ಯದಲ್ಲಿ ಪಾತ್ರೆ, ಇನ್ನೊಂದರಲ್ಲಿ ಚುಕ್ಕೆ ಆಗಬಲ್ಲದು. ಯಾವಗಲ್‌ನಲ್ಲಿ ಹುಟ್ಟಿ ಬೆಳೆದವಳಿಗೆ ಊರೆಂದರೆ ಓಣಿ, ಅಗಸಿ, ಗುಡಿ, ಹೊಲ ಎಲ್ಲ ತುಂಬಿಕೊಂಡ ಪಾತ್ರೆ: ‘ಶಿ ಲಿವ್ಸ್ ಇನ್ ಯಾವಗಲ್’. ದೂರದಿಂದ ಬರುವ ಬಸ್ಸಿಗೆ ಅದೇ ಊರು ಹಾದಿಯ ಮೇಲಿನ ಒಂದು ಚುಕ್ಕೆ: ‘ದ ಬಸ್ ಸ್ಟಾಪ್ಸ್ ಅಟ್ ಯಾವಗಲ್’. ಕನ್ನಡದಲ್ಲಿ ಎರಡಕ್ಕೂ ‘ಯಾವಗಲ್‌ನ್ಯಾಗ’ ಸಾಕು.

ಈ ‘ಅಟ್’ ಹಳ್ಳಿಗೆ ಅಪರಿಚಿತವೇನೂ ಅಲ್ಲ. ಹಳೆಯ ಮುಂಬಯಿ ಪ್ರಾಂತದ ಊರುಗಳಲ್ಲಿ ಇಂದಿಗೂ ಲಕೋಟೆಯ ಮೇಲೆ ‘ಅಟ್ ಪೋಸ್ಟ್’ ಎಂದು ಬರೆಯುತ್ತಾರೆ, ಕನ್ನಡದಲ್ಲಾದರೆ ‘ಮು.ಪೋ.’ ಎಂದು, ಅಂದರೆ ಮುಕ್ಕಾಂ ಪೋಸ್ಟ್. ಹೊಲದ ಕಾಗದದಲ್ಲಿ, ಲಗ್ನಪತ್ರಿಕೆಯಲ್ಲಿ ‘ಸಾ|| ಯಾವಗಲ್, ತಾ|| ರೋಣ, ಜಿ|| ಗದಗ’ ಎಂಬ ಸಾಲು ಇರುತ್ತದೆ. ಆ ‘ಸಾ’ ಎಂಬುದು ಅರಬ್ಬಿಯಿಂದ ಬಂದ ‘ಸಾಕಿನ್’, ವಾಸವಾಗಿರುವವನು ಎಂದರ್ಥ. ಅಂಚೆಯವನಿಗೆ ಊರು ಪತ್ರ ಮುಟ್ಟಿಸಬೇಕಾದ ಚುಕ್ಕೆ, ಆದ್ದರಿಂದ ‘ಅಟ್’. ವಾಸವಾಗಿರುವವರಿಗೆ ಅದೇ ಊರು ಬದುಕುವ ಜಾಗ, ಆದ್ದರಿಂದ ‘ಇನ್’. ವ್ಯಾಕರಣದ ಪುಸ್ತಕ ಬಿಡಿಸಿ ಹೇಳಲು ಹೆಣಗುವ ವ್ಯತ್ಯಾಸ ಒಂದು ಲಕೋಟೆಯ ಮೇಲೆಯೇ ಇದೆ.

ಮೂರರಲ್ಲಿ ಕನ್ನಡಿಗರ ಕೈಗೆ ಸುಲಭವಾಗಿ ಸಿಗದೆ ಜಾರುವುದು ‘ಅಟ್’. ಅದಕ್ಕೆ ನಮ್ಮಲ್ಲಿ ನೇರ ಪ್ರತ್ಯಯವಿಲ್ಲ. ಆದರೆ ಅದರ ಭಾವ ನಮ್ಮಲ್ಲಿ ಚೆನ್ನಾಗಿಯೇ ಇದೆ. ನೀರು ಸೇದಲು ಹೋದ ತಾಯಿಯನ್ನು ಕೇಳಿ ಯಾರಾದರೂ ಬಂದರೆ ಮನೆಯ ಮಗು ‘ಅವ್ವ ಬಾವ್ಯಾಗ ಅದಾಳ’ ಎನ್ನುವುದಿಲ್ಲ. ಎಂದರೆ ಊರು ಹಗ್ಗ ಹಿಡಿದು ಓಡಿಬರುತ್ತದೆ. ಮಗು ಹೇಳುವುದು ‘ಬಾವಿ ಕಡೆ ಹೋಗ್ಯಾಳ’ ಎಂದೋ ‘ಬಾವಿ ಹಂತ್ಯಾಕ ಅದಾಳ’ ಎಂದೋ. ಅದೇ ‘ಅಟ್ ದ ವೆಲ್’. ಒಳಗಿರುವುದಕ್ಕೂ ಕೆಲಸಕ್ಕೆ ಹೋಗಿ ಬಳಿ ನಿಂತಿರುವುದಕ್ಕೂ ಇರುವ ಅಂತರವನ್ನು ಜೀವದ ಪ್ರಶ್ನೆ ಬಂದಾಗ ಕನ್ನಡವೂ ಪಾಲಿಸುತ್ತದೆ. ಇಂಗ್ಲಿಷ್ ಅದನ್ನು ಬಾವಿಗಷ್ಟೇ ಬಿಡದೆ ಎಲ್ಲ ಕಡೆಗೂ ಹಬ್ಬಿಸಿದೆ. ಬಾಗಿಲಲ್ಲಿ ನಿಂತವರು ‘ಅಟ್ ದ ಡೋರ್’. ಊಟದ ಮೇಜಿಗೆ ಕುಳಿತವರು ‘ಅಟ್ ದ ಟೇಬಲ್’; ‘ಆನ್ ದ ಟೇಬಲ್’ ಎಂದರೆ ಮೇಜನ್ನೇ ಏರಿ ಕೂತಂತೆ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಅಜ್ಜ ‘ಇನ್ ಹಾಸ್ಪಿಟಲ್’, ಅವನಿಗೆ ಬುತ್ತಿ ಕೊಡಲು ಹೋದ ಮೊಮ್ಮಗ ‘ಅಟ್ ದ ಹಾಸ್ಪಿಟಲ್’. ಮದುವೆ, ಜಾತ್ರೆ, ಸಂತೆ, ಸಭೆ ಎಲ್ಲಕ್ಕೂ ‘ಅಟ್’, ಏಕೆಂದರೆ ಅಲ್ಲಿ ಗೋಡೆಗಳಿಗಿಂತ ನಡೆಯುವ ಕಾರ್ಯ ಮುಖ್ಯ.

ಚರಿತ್ರೆಯ ಘಟನೆಗಳಿಗೂ ಇದೇ ಪದ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸತ್ತದ್ದು ಸುರೇಬಾನದಲ್ಲಿ. ಅಂಥ ಘಟನೆಯನ್ನು ಇಂಗ್ಲಿಷ್ ಚರಿತ್ರೆಕಾರ ಸಹಜವಾಗಿ ‘ಅಟ್’ ಎಂದೇ ಬರೆಯುತ್ತಾನೆ. ನಕಾಶೆಯ ಮೇಲೆ ಬೆರಳಿಟ್ಟು ಇಲ್ಲಿ ಎಂದು ತೋರಿಸಿದ ಹಾಗೆ.

‘ಆನ್’ ಎಂದರೆ ‘ಮೇಲೆ’ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಅರ್ಧ ಸತ್ಯ. ಇಂಗ್ಲಿಷಿಗೆ ‘ಆನ್’ ಎನ್ನಲು ಮೇಲಿರಬೇಕಾಗಿಲ್ಲ, ತಗಲಿರಬೇಕು. ಗೋಡೆಯ ಗಡಿಯಾರ ‘ಆನ್ ದ ವಾಲ್’, ಮಾಳಿಗೆಯ ತೊಲೆಗೆ ಅಂಟಿದ ಹಲ್ಲಿ ‘ಆನ್ ದ ಸೀಲಿಂಗ್’, ಬೆರಳಿನ ಉಂಗುರ ‘ಆನ್ ದ ಫಿಂಗರ್’. ಇವು ಮೂರನ್ನೂ ಕನ್ನಡ ಮೂರು ಬಗೆಯಲ್ಲಿ ನೋಡುತ್ತದೆ. ಗಡಿಯಾರ ಗ್ವಾಡಿಗೆ ಐತಿ, ಹಲ್ಲಿ ಮಾಳಿಗಿಗೆ ಅಂಟೈತಿ, ಉಂಗುರ ಬಟ್ಟಿನ್ಯಾಗ ಐತಿ. ಕೊಳ್ಳಾಗಿನ ತಾಳಿಗೆ ಇಂಗ್ಲಿಷ್ ‘ಆನ್’ ಕೂಡ ಬಿಟ್ಟು ‘ಅರೌಂಡ್’ ಹಿಡಿಯುತ್ತದೆ, ಸುತ್ತಿಕೊಂಡಿರುವುದನ್ನು ಕಾಣುತ್ತದೆ. ಯಾವುದೂ ಹೆಚ್ಚು ತರ್ಕಬದ್ಧವಲ್ಲ. ಜರ್ಮನ್ ಭಾಷೆ ಇಂಗ್ಲಿಷಿನ ಈ ‘ಆನ್’ ಅನ್ನು ಎರಡಾಗಿ ಸೀಳುತ್ತದೆ: ಮೇಜಿನ ಮೇಲಿನ ಪುಸ್ತಕಕ್ಕೆ ‘ಔಫ್’, ಗೋಡೆಯ ಚಿತ್ರಕ್ಕೆ ‘ಆನ್’. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ, ಅದಕ್ಕೆ ಮೊದಲು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಅಚ್ಚಿಗೆ ತಂದ ಫರ್ಡಿನೆಂಡ್ ಕಿಟೆಲ್ ಹುಟ್ಟಿನಿಂದ ಜರ್ಮನ್ ಮಾತಿನವನು. ಕನ್ನಡದ ‘ಒಳ್’ಗೆ ಇಂಗ್ಲಿಷಿನಲ್ಲಿ ಅರ್ಥ ಬರೆಯುವಾಗ ಅವನು ಜಾಗವನ್ನು ಮೂರು ಬಗೆಯಲ್ಲಿ ಕತ್ತರಿಸುವ ಮೂರು ಭಾಷೆಗಳ ನಡುವೆ ಓಡಾಡುತ್ತಿದ್ದ.

ಭಾಷೆಗಳು ಹೀಗೆ ಜಾಗವನ್ನು ಬೇರೆಬೇರೆಯಾಗಿ ಹೋಳು ಮಾಡುತ್ತವೆ ಎಂಬುದನ್ನು ಸೂನ್ಜಾ ಚೋಯ್ ಮತ್ತು ಮೆಲಿಸಾ ಬೋವರ್‌ಮನ್ ಎಂಬ ಇಬ್ಬರು ಸಂಶೋಧಕಿಯರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಕೊರಿಯನ್ ಭಾಷೆಗೆ ಒಳಗೋ ಮೇಲೋ ಎನ್ನುವುದಕ್ಕಿಂತ ಬಿಗಿಯೋ ಸಡಿಲವೋ ಎನ್ನುವುದು ದೊಡ್ಡದು. ಬೆರಳಿಗೆ ಉಂಗುರ ತೊಡಿಸುವುದಕ್ಕೂ ಡಬ್ಬಿಗೆ ಕ್ಯಾಸೆಟ್ ಸೇರಿಸುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ, ಎರಡೂ ಬಿಗಿಯಾಗಿ ಕೂರುತ್ತವೆ ಎಂಬ ಕಾರಣಕ್ಕೆ. ಎರಡು ವರ್ಷ ತುಂಬುವ ಮೊದಲೇ ಕೊರಿಯನ್ ಕೂಸು ಕೊರಿಯನ್ ರೀತಿಯಲ್ಲಿ, ಇಂಗ್ಲಿಷ್ ಕೂಸು ಇಂಗ್ಲಿಷ್ ರೀತಿಯಲ್ಲಿ ಜಾಗ ಹಂಚಿಕೊಳ್ಳುತ್ತದೆ ಎಂದು ಅವರು ಕಂಡರು. ತೊಟ್ಟಿಲು ಬಿಟ್ಟಿಳಿಯುವಷ್ಟರಲ್ಲಿ ಕಲಿತ ನೋಟ ಅದು. ಹದಿಮೂರರ ಹುಡುಗಿ ಅದನ್ನು ಒಂದು ಪೀರಿಯಡ್ಡಿನಲ್ಲಿ ಬದಲಿಸಬೇಕೆಂದು ಕೇಳುವುದು ಅನ್ಯಾಯ.

ಗಿಡದ ಉದಾಹರಣೆ ಎಲ್ಲಕ್ಕಿಂತ ಚೆಂದ. ನಾವು ಗಿಡದಾಗ ಹಣ್ಣು, ಗಿಡದ ಮ್ಯಾಲ ಹಕ್ಕಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದು ಸರಿಯಾಗಿ ತಿರುವುಮುರುವು. ಹಣ್ಣು ಕೊಂಬೆಗೆ ತೊಟ್ಟಿನಿಂದ ತಗಲಿಕೊಂಡಿದೆ, ಆದ್ದರಿಂದ ‘ಆನ್ ದ ಟ್ರೀ’. ಹಕ್ಕಿ ಎಲೆಗಳ ಗೂಡಿನೊಳಗೆ ಅಡಗಿ ಕೂತಿದೆ, ಆದ್ದರಿಂದ ‘ಇನ್ ದ ಟ್ರೀ’. ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಮಾತ್ರ ಎರಡೂ ಭಾಷೆಗಳು ಒಪ್ಪುತ್ತವೆ: ‘ಅಂಡರ್ ದ ಟ್ರೀ’, ‘ಆನ್ ದ ಪ್ಲಾಟ್‌ಫಾರ್ಮ್’.

ಗೆರೆಯಂತೆ ಉದ್ದಕ್ಕೆ ಹರಿಯುವುದಕ್ಕೆಲ್ಲ ‘ಆನ್’ ಬರುತ್ತದೆ. ಹೊಳೆ, ಕರಾವಳಿ, ಗಡಿ, ರೈಲು ಹಾದಿ, ರಸ್ತೆ. ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯಲ್ಲಿದೆ, ಗದಗ–ಹೋಟಗಿ ರೈಲು ಮಾರ್ಗವೂ ಅಲ್ಲೇ ಹಾಯುತ್ತದೆ. ಇಂಗ್ಲಿಷಿನಲ್ಲಿ ಅದು ‘ಆನ್ ದ ಮಲಪ್ರಭಾ’, ‘ಆನ್ ದ ಗದಗ–ಹೋಟಗಿ ಲೈನ್’. ಊರು ನೀರಿನ ಮೇಲೆ ತೇಲುತ್ತಿದೆ ಎಂದಲ್ಲ, ಆ ಗೆರೆಗೆ ಅಂಟಿಕೊಂಡಿದೆ ಎಂದು. ಶೇಕ್ಸ್‌ಪಿಯರ್ ಹುಟ್ಟಿದ ಊರಿನ ಹೆಸರು ಸ್ಟ್ರಾಟ್‌ಫರ್ಡ್ ಅಪಾನ್ ಏವನ್, ಏವನ್ ಹೊಳೆಯ ಮೇಲಿನ ಸ್ಟ್ರಾಟ್‌ಫರ್ಡ್. ಅವರು ಊರಿನ ಹಿಂದೆ ಹೊಳೆ ಸೇರಿಸಿದರೆ ನಾವು ಊರಿನ ಮುಂದೆಯೇ ಸೇರಿಸಿ ಹೊಳೆಆಲೂರು ಎಂದೆವು. ಪ್ರಿಪೊಸಿಷನ್ ಬೇಕಾಗಲಿಲ್ಲ, ಆದರೆ ಮಾತು ಅದೇ.

ಮತ್ತೆ ಬಸ್ಸಿಗೆ ಬರೋಣ. ‘ಇನ್ ದ ಬಸ್’ ಎನ್ನುವುದು ಪೂರ್ತಿ ತಪ್ಪಲ್ಲ. ಹೊರಗೆ ಮಳೆ, ಒಳಗೆ ಬೆಚ್ಚಗೆ ಎಂದು ಒಳಗನ್ನೇ ಒತ್ತಿ ಹೇಳುವಾಗ ಅದೂ ಸಲ್ಲುತ್ತದೆ. ಪಯಣದ ಮಾತಾದರೆ ಮಾತ್ರ ‘ಆನ್’. ಹತ್ತಿ, ನಿಂತು, ಓಡಾಡಬಹುದಾದ ದೊಡ್ಡ ವಾಹನಗಳಿಗೆ ಇಂಗ್ಲಿಷ್ ‘ಆನ್’ ಕೊಡುತ್ತದೆ: ಬಸ್ಸು, ರೈಲು, ಹಡಗು, ವಿಮಾನ. ಬಗ್ಗಿ ಒಳಹೊಕ್ಕು ಕೂತುಬಿಡುವ ಸಣ್ಣವಕ್ಕೆ ‘ಇನ್’: ಕಾರು, ಜೀಪು, ಆಟೊ, ಟಂಟಂ. ಕಾಲು ಚಾಚಿ ಏರುವ ಸೈಕಲ್ಲು, ಬೈಕು, ಕುದುರೆಗೆ ಮತ್ತೆ ‘ಆನ್’. ಟ್ರ್ಯಾಕ್ಟರಿನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಓಡಿಸುವವನು ‘ಆನ್ ದ ಟ್ರ್ಯಾಕ್ಟರ್’, ಹಿಂದೆ ಕಡಲೆ ಚೀಲಗಳ ನಡುವೆ ಕೂತ ಕೂಲಿಗಳು ‘ಇನ್ ದ ಟ್ರೇಲರ್’.

ನಮ್ಮ ‘ಮೇಲೆ’ ಕೂಡ ‘ಆಗ’ದಷ್ಟೇ ಅಗಲ. ಯಾವಗಲ್ ಬಳಿ ಬೆಣ್ಣೆಹಳ್ಳಕ್ಕೆ ಸೇತುವೆ ಇದೆ. ಈ ಹಳ್ಳ ಮುಂದೆ ಮಲಪ್ರಭೆ ಸೇರುತ್ತದೆ. ಬೇಸಗೆಯಲ್ಲಿ ಬಡಕಲಾಗಿ ಹರಿಯುವ ಹಳ್ಳ ಮಳೆ ಹಿಡಿದರೆ ಎರಿ ಹೊಲಗಳನ್ನೆಲ್ಲ ನುಂಗಿ ಉಕ್ಕುತ್ತದೆ. ಆ ಒಂದು ಸೇತುವೆ ಸಾಕು, ‘ಮೇಲೆ’ಯ ಪಾಠವೆಲ್ಲ ಮುಗಿಯುತ್ತದೆ. ಹಳ್ಳದ ಮೇಲೆ ಸೇತುವೆ: ‘ಓವರ್ ದ ಸ್ಟ್ರೀಮ್’, ಏಕೆಂದರೆ ಅದು ಒಂದು ದಡದಿಂದ ಇನ್ನೊಂದಕ್ಕೆ ಚಾಚಿ ಹಳ್ಳವನ್ನು ಮುಚ್ಚಿದಂತಿದೆ. ಸೇತುವೆ ಮೇಲೆ ಬಸ್ಸು: ‘ಆನ್ ದ ಬ್ರಿಜ್’, ಗಾಲಿ ತಗಲಿದೆ. ನೆರೆ ಬಂದು ಸೇತುವೆ ಮೇಲೆ ನೀರು ಹರಿಯಿತು: ಮತ್ತೆ ‘ಓವರ್ ದ ಬ್ರಿಜ್’, ದಾಟಿ ಹೋಗುತ್ತಿದೆ. ನೀರು ಅಪಾಯದ ಮಟ್ಟದ ಮೇಲೆ ಏರಿತು: ‘ಅಬವ್ ದ ಡೇಂಜರ್ ಮಾರ್ಕ್’, ಇಲ್ಲಿ ಲೆಕ್ಕ ಎತ್ತರದ್ದು. ಬಸ್ಸು ಯಾವಗಲ್ ಮ್ಯಾಲ ರೋಣಕ್ಕ ಹೋಗತೈತಿ ಎಂದರೆ ಅದು ‘ವಾಯಾ’ ಅಥವಾ ‘ಥ್ರೂ’. ಅಲ್ಲಿ ‘ಓವರ್’ ಎಂದು ಬರೆದರೆ ಬಸ್ಸು ಊರಿನ ಮಾಳಿಗೆಗಳ ಮೇಲೆ ಹಾರಿಹೋಗುತ್ತದೆ. ಐದು ಬಗೆಯ ‘ಮೇಲೆ’ಗಳನ್ನು ಕನ್ನಡ ಕಿವಿ ಸಂದರ್ಭದಿಂದಲೇ ಬೇರೆ ಮಾಡಿಕೊಳ್ಳುತ್ತದೆ. ಇಂಗ್ಲಿಷ್ ಪದದಲ್ಲೇ ಬೇರೆ ಮಾಡುತ್ತದೆ. ಕೆಳಗಿನದಕ್ಕೂ ಇದೇ ನ್ಯಾಯ: ಸೇತುವೆ ಕೆಳಗಿನ ನೀರು ‘ಅಂಡರ್’, ಮಟ್ಟಕ್ಕಿಂತ ಕೆಳಗಿಳಿದ ನೀರು ‘ಬಿಲೋ’.

ಬೆಟ್ಟದ ಊರುಗಳ ಮಕ್ಕಳಿಗೆ ಇನ್ನೊಂದು ಮಾತು ಬೇಕಾಗುತ್ತದೆ. ನರಗುಂದದ ಕೋಟೆ ‘ಆನ್ ದ ಹಿಲ್’, ಊರು ‘ಅಟ್ ದ ಫುಟ್ ಆಫ್ ದ ಹಿಲ್’. ನಾವು ಗುಡ್ಡದ ಬುಡ ಎಂದು ಗಿಡಕ್ಕೆ ಹೋಲಿಸಿದರೆ ಅವರು ಗುಡ್ಡದ ಪಾದ ಎಂದು ಮನುಷ್ಯನಿಗೆ ಹೋಲಿಸುತ್ತಾರೆ. ಗಜೇಂದ್ರಗಡಕ್ಕೂ ಇದೇ ಮಾತು ಸಲ್ಲುತ್ತದೆ.

ದಿಕ್ಕಿನ ವಿಷಯದಲ್ಲಿ ಹಳ್ಳಿಯ ಮಕ್ಕಳು ಪಟ್ಟಣದವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ ಎನ್ನಬಹುದು. ಹೊಲದ ಕಾಗದದ ಚಕ್ಕುಬಂದಿ ಓದಿದವರಿಗೆ ಗೊತ್ತು: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಸರಕಾರಿ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಹೊಲ. ಎಡ, ಬಲ ಎಂಬ ಮಾತೇ ಇಲ್ಲ, ಏಕೆಂದರೆ ನಿಂತವನು ತಿರುಗಿದರೆ ಎಡ ಬಲ ತಿರುಗುತ್ತವೆ, ಹೊಲ ತಿರುಗುವುದಿಲ್ಲ. 1990ರ ದಶಕದಲ್ಲಿ ತಮಿಳುನಾಡಿನಲ್ಲಿ ಅಧ್ಯಯನ ಮಾಡಿದ ಎರಿಕ್ ಪೆಡರ್‌ಸನ್ ಇದನ್ನೇ ಕಂಡರು. ಅಲ್ಲಿನ ಹಳ್ಳಿಗರು ಕಣ್ಣೆದುರಿನ ಸಣ್ಣ ವಸ್ತುಗಳ ಜಾಗವನ್ನೂ ಮೂಡು ಪಡು ಎಂದು ದಿಕ್ಕಿನಿಂದ ಹೇಳುತ್ತಿದ್ದರು, ಪಟ್ಟಣಿಗರು ಎಡಬಲದಿಂದ. ನಮ್ಮ ಚಕ್ಕುಬಂದಿಯ ‘ಪೂರ್ವಕ್ಕೆ’ ಎನ್ನುವ ಚತುರ್ಥಿ ಇಂಗ್ಲಿಷಿನ ‘ಟು ದ ಈಸ್ಟ್’ಗೆ ನೇರ ಜೋಡಿ. ದಿಕ್ಕಿನ ಜೊತೆ ಬರುವ ಉಳಿದ ಎರಡನ್ನು, ‘ಇನ್’ ಮತ್ತು ‘ಆನ್’ಗಳನ್ನು, ಜಿಲ್ಲೆಯ ನಕಾಶೆಯಿಂದ ಕಲಿಯಬಹುದು. ರೋಣ ಗದಗ ಜಿಲ್ಲೆಯ ಒಳಗೇ ಉತ್ತರ ಭಾಗದಲ್ಲಿದೆ: ‘ಇನ್ ದ ನಾರ್ತ್’. ಬಾಗಲಕೋಟೆ ಜಿಲ್ಲೆ ಉತ್ತರದ ಗಡಿಗೆ ತಗಲಿದೆ: ‘ಆನ್ ದ ನಾರ್ತ್’. ವಿಜಯಪುರ ಅದಕ್ಕೂ ಆಚೆ, ದೂರದಲ್ಲಿದೆ: ‘ಟು ದ ನಾರ್ತ್’. ಒಳಗೆ, ತಗಲಿ, ಆಚೆ.

ಚತುರ್ಥಿ ಇಲ್ಲಿ ನೆರವಾದರೂ ಬೇರೆ ಕಡೆ ಕಾಲೆಳೆಯುತ್ತದೆ. ಮನೆಗೆ ಹೋದೆ, ಇಲ್ಲಿಗೆ ಬಾ, ಗದಗಕ್ಕೆ ತಲುಪಿದೆ ಎನ್ನುವ ಬಾಯಿ ‘ಗೋ ಟು ಹೋಮ್’, ‘ಕಮ್ ಟು ಹಿಯರ್’, ‘ರೀಚ್ಡ್ ಟು ಗದಗ’ ಎನ್ನುತ್ತದೆ. ಮೂರರಲ್ಲೂ ‘ಟು’ ಬೇಡ. ‘ಹೋಮ್’ ಮತ್ತು ‘ಹಿಯರ್’ ತಮ್ಮೊಳಗೇ ‘ಗೆ’ಯನ್ನು ಇಟ್ಟುಕೊಂಡಿವೆ, ‘ರೀಚ್’ ನೇರವಾಗಿ ಊರನ್ನೇ ಹಿಡಿಯುತ್ತದೆ. ಉತ್ತರ ಕರ್ನಾಟಕದವರು ‘ಗದಗ ಮುಟ್ಟಿದ್ವಿ’ ಎನ್ನುತ್ತಾರಲ್ಲ, ‘ರೀಚ್’ ಥೇಟು ಆ ‘ಮುಟ್ಟು’ವಿನ ಹಾಗೆ.

ಯಾವಗಲ್ ಇರುವುದು ನರಗುಂದ ಮತ್ತು ರೋಣದ ನಡುವೆ. ಇಂಗ್ಲಿಷಿನ ‘ಬಿಟ್ವೀನ್’ ಒಳಗೆ ಹಳೆಯ ಇಂಗ್ಲಿಷಿನ ‘ಎರಡು’ ಎಂಬ ಪದದ ಬೇರಿದೆ. ಆದ್ದರಿಂದ ಎರಡಕ್ಕೆ ‘ಬಿಟ್ವೀನ್’, ಹೆಚ್ಚಿಗೆ ಇದ್ದರೆ ‘ಅಮಂಗ್’ ಎಂದು ಕಲಿಸುವ ರೂಢಿ. ಈ ನಿಯಮ ಪೂರ್ತಿ ನಿಲ್ಲುವುದಿಲ್ಲ. ಮೂರು ನಾಲ್ಕು ಊರುಗಳಿದ್ದರೂ ಒಂದೊಂದನ್ನು ಹೆಸರಿಟ್ಟು ಬೇರೆಬೇರೆಯಾಗಿ ಕಾಣುವಾಗ ‘ಬಿಟ್ವೀನ್’ ಸರಿಯೇ. ಹೊಲಗಳ ನಡುವಿನ ಗುಡಿ ಎನ್ನುವಾಗ, ಲೆಕ್ಕವಿಲ್ಲದ ಗುಂಪಿನಲ್ಲಿ ಸೇರಿಹೋಗಿರುವಾಗ ‘ಅಮಂಗ್’. ‘ಬಿಸೈಡ್’ನಲ್ಲಿ ‘ಸೈಡ್’ ಇದೆ, ನಮ್ಮ ‘ಮಗ್ಗಲ’, ‘ಬಾಜೂಕ’ ಇದ್ದ ಹಾಗೆ. ‘ಅಕ್ರಾಸ್’ನಲ್ಲಿ ಅಡ್ಡಗೆರೆಯ ‘ಕ್ರಾಸ್’ ಇದೆ. ಹೆಸರುಪದಗಳೇ ಸವೆದು ಜಾಗದ ಪದಗಳಾಗುವುದು ಎರಡೂ ಭಾಷೆಗಳಲ್ಲಿ ನಡೆದಿದೆ. ವ್ಯತ್ಯಾಸವೆಂದರೆ ಅವರದು ಹೆಸರಿಗಿಂತ ಮುಂಚೆ ಬರುತ್ತದೆ, ನಮ್ಮದು ಹೆಸರಿನ ಹಿಂದೆ. ‘ಎದುರಿಗೆ’ ಒಂದೇ ಸ್ವಲ್ಪ ಎಚ್ಚರ ಬೇಡುತ್ತದೆ. ಗುಡಿಯ ಎದುರಿನ ದೀಪಸ್ತಂಭ ‘ಇನ್ ಫ್ರಂಟ್ ಆಫ್’, ರಸ್ತೆಯ ಆಚೆ ಬದಿಗೆ ಮುಖಾಮುಖಿಯಾಗಿರುವ ಅಂಗಡಿ ‘ಆಪೋಸಿಟ್’.

ಇಷ್ಟೆಲ್ಲ ಕಲಿಸುವುದು ಹೇಗೆ? 2007–08ರಿಂದ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಆದರೂ ಪ್ರಿಪೊಸಿಷನ್ ಎಂದೊಡನೆ ನೆನಪಾಗುವುದು ಬಿಟ್ಟ ಸ್ಥಳ ತುಂಬುವ ಅಭ್ಯಾಸ. ಚಿತ್ರವಿಲ್ಲ, ಊರಿಲ್ಲ, ಒಂದು ಗೆರೆ ಎಳೆದ ಖಾಲಿ ಜಾಗ, ಅದರಲ್ಲಿ ಮೂರರಲ್ಲೊಂದು ಹಾಕಬೇಕು. ಜಾಗದ ಪದವನ್ನು ಜಾಗ ತೋರಿಸದೆ ಕಲಿಸುವ ಈ ಪದ್ಧತಿ ಎಷ್ಟು ಮಕ್ಕಳನ್ನು ವೃಥಾ ಸೋಲಿಸಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಅದೂ ಬೇರೊಂದು ದಾರಿ ನಮ್ಮ ನೆಲದಲ್ಲೇ ಹುಟ್ಟಿದ್ದಾಗ.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ಪ್ರಭು ತರಗತಿಯಲ್ಲಿ ವ್ಯಾಕರಣ ಹೇಳಿಕೊಡಲಿಲ್ಲ. ನಕಾಶೆ, ರೈಲಿನ ವೇಳಾಪಟ್ಟಿ, ಕ್ಯಾಲೆಂಡರು, ರೇಖಾಚಿತ್ರ ಕೊಟ್ಟು ಇಂಗ್ಲಿಷಿನಲ್ಲಿ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಟ್ಟರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಆ ಅನುಭವವನ್ನು ಅವರು ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಪುಸ್ತಕವಾಗಿ ತಂದರು. ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ, ಕೆಲಸ ಕೊಟ್ಟು ಭಾಷೆ ಕಲಿಸುವ ವಿಧಾನಕ್ಕೆ ಆ ಪ್ರಯೋಗವನ್ನು ಮೊದಲ ಹೆಜ್ಜೆಗಳಲ್ಲೊಂದು ಎಂದು ಎಣಿಸುತ್ತಾರೆ. ಅದರ ವಿಮರ್ಶಕರೂ ಇದ್ದಾರೆ, ಕಲಿಕೆಯನ್ನು ಅಳೆದ ಬಗೆ ಸಾಲದು ಎಂದವರೂ ಇದ್ದಾರೆ. ಜಾಗದ ಪದಗಳ ಮಟ್ಟಿಗಂತೂ ನಕಾಶೆಗಿಂತ ಒಳ್ಳೆಯ ಗುರು ಇಲ್ಲ.

ಅದಕ್ಕೆ ದುಡ್ಡೂ ಬೇಡ. ಒಂದು ಸೀಮೆಸುಣ್ಣ, ಶಾಲೆಯ ಅಂಗಳ. ನರಗುಂದದಿಂದ ರೋಣದವರೆಗೆ ಒಂದು ಗೆರೆ ಎಳೆದು, ಯಾವಗಲ್‌ಗೆ ಒಂದು ಚುಕ್ಕೆ, ಬೆಣ್ಣೆಹಳ್ಳಕ್ಕೆ ಒಂದು ಅಡ್ಡಗೆರೆ, ಅದರ ಮೇಲೆ ಸೇತುವೆ, ಎರಡೂ ಬದಿಗೆ ಹೊಲ, ಬೇವಿನ ಗಿಡ, ಕಟ್ಟೆ, ಬಾವಿ ಬರೆಯಬೇಕು. ಒಬ್ಬರು ಬಸ್ಸಾಗಬೇಕು, ಒಬ್ಬರು ಹಕ್ಕಿ, ಒಬ್ಬರು ಎಮ್ಮೆ. ಮೊದಲು ಎಲ್ಲವನ್ನೂ ಮನೆಯ ಮಾತಿನಲ್ಲೇ ಹೇಳಿಸಬೇಕು: ಸೇತುವಿ ಮ್ಯಾಲ, ಗಿಡದಾಗ, ಬಾವಿ ಹಂತ್ಯಾಕ, ಹಳ್ಳದ ಆಚಿ ಕಡೆ. ಆಮೇಲೆ ಶಿಕ್ಷಕರು ಕೇಳಬೇಕು: ಇದು ಪಾತ್ರೆಯೋ, ಮೈಯೋ, ಚುಕ್ಕೆಯೋ? ಆ ಪ್ರಶ್ನೆಗೆ ಉತ್ತರ ಮಕ್ಕಳಿಂದಲೇ ಬರುತ್ತದೆ, ಇಂಗ್ಲಿಷ್ ಪದ ಅದರ ಹಿಂದೆ ಬರುತ್ತದೆ.

ಎಮ್ಮೆಯಾದ ಹುಡುಗ ಬಂದು ಸುಣ್ಣದ ಸೇತುವೆಯ ನಡುವೆ ನಿಂತನೆನ್ನಿ, ಬಸ್ಸಾದವಳು ಮುಂದೆ ಹೋಗಲಾರಳು. ಎಮ್ಮಿ ಹಾದ್ಯಾಗ ನಿಂತೈತಿ. ಇಂಗ್ಲಿಷಿನಲ್ಲಿ ಅದು ‘ಇನ್ ದ ವೇ’, ಅಡ್ಡಿಯಾಗಿದೆ ಎಂದರ್ಥ. ಊರಲ್ಲಿ ಮಗಳ ಹಾದಿ ಕಾಯುವ ತಾಯಿಗೆ ಬಸ್ಸಿನಿಂದ ಫೋನು ಹೋಗುತ್ತದೆ: ‘ಹಾದ್ಯಾಗ ಅದೀನಿ ಅವ್ವಾ.’ ಅದು ‘ಆನ್ ದ ವೇ’, ಬರುತ್ತಿದ್ದೇನೆ ಎಂದು.